ಎಂಟು ಗಂಟೆಯ ವಾರಿಜಾ

ಹೋದ ತಿಂಗಳು ಆಫೀಸಿನ ಕೆಲಸದ ಮೇಲೆ ಗುಬ್ಬಿಗೆ ಹೋಗಬೇಕಾಯಿತು. ಎಷ್ಟೋ ದಿನಗಳ ಮೇಲೆ ತುಮಕೂರಿನಿಂದ ಬೆಳಗಿನ ರೈಲು ಹತ್ತಿದೆ. ಎದುರು ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಇಯರ್‌ಫೋನ್ ಹಾಕಿಕೊಳ್ಳದೆ ಮೊಬೈಲಿನಲ್ಲಿ ಯಾವುದೋ ಸೀರಿಯಲ್ ನೋಡುತ್ತಿದ್ದಳು. ಒಂದು ಹೆಣ್ಣು ಬಿಕ್ಕಿ ಬಿಕ್ಕಿ ಅಳುವ ದನಿ, ಹಿಂದೆಯೇ ವೀಣೆ, ಆಮೇಲೆ ಒಂದೇ ಗುಡುಗು ಮೂರು ಸಲ. ಪರದೆ ನೋಡದೆಯೇ ನನಗೆ ಗೊತ್ತಾಯಿತು, ಯಾರೋ ಯಾರನ್ನೋ ಕ್ಷಮಿಸುತ್ತಿದ್ದಾರೆ.

"ಸೌಂಡ್ ಕಮ್ಮಿ ಮಾಡಮ್ಮ" ಎಂದೆ. ಬೇಕಿದ್ದಕ್ಕಿಂತ ಗಡುಸಾಗಿಯೇ ಬಂತು ಮಾತು. ಹುಡುಗಿ ಗಾಬರಿಯಾಗಿ ಫೋನನ್ನೇ ಆರಿಸಿಬಿಟ್ಟಳು.

ಇದೇ ರೈಲಿನಲ್ಲಿ ನಾನು ಗುಬ್ಬಿಗೆ ದಿನಾ ಓಡಾಡಿದ ಒಂದು ಮಳೆಗಾಲವಿದೆ. ಆ ಮಳೆಗಾಲದಲ್ಲಿ ನಾಗವೇಣಿ ಎಂಬುವಳನ್ನು ಕಂಡರೆ ನನಗಾಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ.

ಆಗ ನಾನು ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಗಂಡನ ಮನೆ ಕುಣಿಗಲ್‌ನಲ್ಲಿ. ಅದನ್ನು ಬಿಟ್ಟು ತುಮಕೂರಿನಲ್ಲಿ ಅಮ್ಮನ ಜೊತೆ ಇದ್ದೆ. ವಿಚ್ಛೇದನಕ್ಕೆ ನಾನು ಹಾಕಿದ್ದ ಕೇಸು ಕುಣಿಗಲ್ ಕೋರ್ಟಿನಲ್ಲಿ ತೆವಳುತ್ತಾ ನಡೆದಿತ್ತು. ಬೆಳಗ್ಗೆ ರೈಲಿನಲ್ಲಿ ನಾಲ್ಕು ಜನ ಹೆಂಗಸರು ಒಂದೇ ಕಡೆ ಕೂರುತ್ತಿದ್ದೆವು. ವಸಂತಾ ಮೇಡಂ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದರು, ನಿವೃತ್ತಿಗೆ ಹತ್ತಿರವಾಗಿದ್ದರು. ರಿಹಾನಾ ಬ್ಯಾಂಕಿನಲ್ಲಿದ್ದಳು, ನಮ್ಮೆಲ್ಲರಿಗಿಂತ ಚಿಕ್ಕವಳು. ನಾಗವೇಣಿ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದಳು. ನನ್ನದೇ ವಯಸ್ಸು, ತವರು ಕುಣಿಗಲ್, ಮದುವೆಯಾಗಿದ್ದು ತುಮಕೂರಿಗೆ. ರೈಲು ಹೊರಟ ಕೂಡಲೇ ಅವಳು ತಿಂಡಿಯ ಡಬ್ಬಿ ಬಿಚ್ಚುತ್ತಾ ಕೇಳುತ್ತಿದ್ದ ಮೊದಲ ಮಾತು, "ನಿನ್ನೆ ನೋಡಿದ್ರಾ?"

ನೋಡುವುದೆಂದರೆ ರಾತ್ರಿ ಎಂಟು ಗಂಟೆಯ ಸೀರಿಯಲ್. ಅದಕ್ಕೊಂದು ಉದ್ದ ಹೆಸರಿತ್ತು, ಆದರೆ ಯಾರೂ ಆ ಹೆಸರು ಹೇಳುತ್ತಿರಲಿಲ್ಲ. ಅದರ ನಾಯಕಿ ವಾರಿಜಾ. ಹಾಗಾಗಿ ಎಲ್ಲರ ಬಾಯಲ್ಲೂ ಅದು 'ವಾರಿಜಾ'.

ನಿಜ ಹೇಳಬೇಕೆಂದರೆ ಮೊದಮೊದಲು ಅದನ್ನು ಅತಿಯಾಗಿ ಹಚ್ಚಿಕೊಂಡಿದ್ದವಳು ನಾನೇ. ವಾರಿಜಾ ಗಂಡನ ಮನೆ ಬಿಟ್ಟು ಬರುತ್ತಾಳೆ. ಅಳುತ್ತಾ ಅಲ್ಲ, ಒಂದು ಮಧ್ಯಾಹ್ನ ತೊಳೆದ ಪಾತ್ರೆಗಳನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಡುತ್ತಾಳೆ. ಆವತ್ತು ಹಿನ್ನೆಲೆಯಲ್ಲಿ ವೀಣೆಯೂ ಇರಲಿಲ್ಲ, ಗುಡುಗೂ ಇರಲಿಲ್ಲ. ಅಮ್ಮ ನನ್ನ ಮುಖ ನೋಡಿದ್ದಳು, ನಾನು ಟಿವಿಯನ್ನೇ ನೋಡಿದ್ದೆ. ಆಮೇಲೆ ವಾರಿಜಾ ಬಾಡಿಗೆ ರೂಮು ಹುಡುಕುವುದು, ಓನರಮ್ಮ "ಯಜಮಾನ್ರು ಎಲ್ಲಿದಾರೆ?" ಎಂದು ಕೇಳುವುದು, ಇವಳು ಹೊಲಿಗೆ ಅಂಗಡಿ ತೆರೆಯುವುದು, ಎಲ್ಲ ಚೆನ್ನಾಗಿತ್ತು. ಬರೆಯುವವರು ಯಾರೋ ಬಾಡಿಗೆ ಮನೆಗೆ ಅಲೆದವರು ಇರಬೇಕು ಅಂದುಕೊಂಡಿದ್ದೆ.

ಮುಂಗಾರು ಹಿಡಿಯುವ ಹೊತ್ತಿಗೆ ಕಥೆ ತಿರುಗಿಕೊಂಡಿತು. ಗಂಡನಿಗೆ ಆಕ್ಸಿಡೆಂಟು. ವಾರಿಜಾ ಉರುಳು ಸೇವೆಗೆ ಇಳಿದಳು. ಹೊಲಿಗೆ ಅಂಗಡಿಗೆ ಬೀಗ ಬಿತ್ತು, ಆ ಬೀಗವನ್ನು ಆಮೇಲೆ ಯಾವ ಎಪಿಸೋಡಿನಲ್ಲೂ ಯಾರೂ ತೆಗೆಯಲಿಲ್ಲ. ಹೊಸ ಪಾತ್ರವಾಗಿ ಒಬ್ಬ ಗೆಳತಿ ಬಂದಳು, ಗಂಡ ಹೆಂಡತಿಯನ್ನು ಒಂದು ಮಾಡುವುದಷ್ಟೇ ಅವಳ ಕೆಲಸ.

"ಕೆಡಿಸಿಬಿಟ್ರು" ಎಂದೆ ಒಂದು ಬೆಳಗ್ಗೆ. ಹೊರಗೆ ಜಿಟಿಜಿಟಿ ಮಳೆ, ಕಿಟಕಿಯ ಷಟರ್ ಇಳಿಸಿದ್ದರಿಂದ ಒಳಗೆಲ್ಲಾ ಒದ್ದೆ ಛತ್ರಿಗಳ ವಾಸನೆ. "ಇಷ್ಟು ದಿನ ಅವಳು ಯಾಕೆ ಮನೆ ಬಿಟ್ಟಳು ಅಂತ ತೋರಿಸಿದ್ದೆಲ್ಲಾ ಸುಳ್ಳಾ?"

"ಈಗ್ಲೇ ಕಣೇ ಚೆನ್ನಾಗಾಗಿರೋದು" ಎಂದಳು ನಾಗವೇಣಿ. "ಮೊದ್ಲು ಬರೀ ಅಂಗಡಿ, ಬಾಡಿಗೆ. ಅದನ್ನ ನೋಡೋಕೆ ಟಿವಿ ಯಾಕ್ ಬೇಕು? ಈಗ ಮನಸ್ಸು ತುಂಬ್ತದೆ."

ವಸಂತಾ ಮೇಡಂ ಕನ್ನಡಕ ಒರೆಸುತ್ತಾ ಅಂದರು, "ನಮ್ ಕಾಲದಲ್ಲಿ ವಾರಕ್ಕೊಂದು ಕಂತು ಬರೋದು. ಮೂರ್ನಾಕು ತಿಂಗಳಿಗೆ ಮುಗಿದೋಗೋದು. ಕಥೆ ಹೇಳಕ್ಕೆ ಬಂದೋರು ಹೇಳಿ ಎದ್ದು ಹೋಗೋರು. ಈಗಿನೋರು ಊಟ ಆದ್ಮೇಲೂ ಎಲೆ ಮುಂದೆ ಕೂತವ್ರೆ."

"ನಮ್ದೂ ಅದೇ ಕಥೆ ಮೇಡಂ" ಎಂದಳು ರಿಹಾನಾ. ಅವಳು ಮೊಬೈಲಿನಲ್ಲಿ ಕ್ರೈಮ್ ಸೀರೀಸ್ ನೋಡುವವಳು. "ಫಸ್ಟ್ ಸೀಸನ್ ಬಂಗಾರ ಇರ್ತದೆ. ಜನ ಮೆಚ್ಕೊಂಡ್ರು ಅಂತ ಗೊತ್ತಾದ್ರೆ ಸಾಕು, ಸೆಕೆಂಡ್ ಸೀಸನ್ ತಗಡು. ಸತ್ತೋನೂ ಎದ್ದು ಬರ್ತಾನೆ."

"ನಿಮ್ ಸೀಸನ್ನು ನೆಂಟ್ರಿದ್ದಂಗೆ, ವರ್ಷಕ್ಕೊಂದ್ಸಲ ಬಂದು ಹೋಗ್ತವೆ" ಎಂದಳು ನಾಗವೇಣಿ. "ವಾರಿಜಾ ಹಂಗಲ್ಲ. ದಿನಾ ಮನೆಗ್ ಬರ್ತಾಳೆ. ಒಳ್ಳೆ ಸೀರಿಯಲ್ ಅಂದ್ರೆ ಮನೆಯೋರ ತರ ಇರ್ಬೇಕು, ನಮಗೊಂದು ದಾರಿ ತೋರಿಸ್ಬೇಕು."

"ದಾರಿ ತೋರಿಸೋದಲ್ಲ, ಇದ್ದದ್ದು ಇದ್ದಂಗೆ ತೋರಿಸ್ಬೇಕು" ಎಂದೆ.

"ಇದ್ದದ್ದು ಮನೇಲೇ ಇದೆಯಲ್ಲ. ಅದನ್ನ ಟಿವೀಲೂ ನೋಡ್ಬೇಕಾ?"

ಇಂಥ ವಾದಗಳು ನಗುವಿನಲ್ಲಿ ಮುಗಿಯಬೇಕು. ಮೊದಲ ಕೆಲವು ವಾರ ಮುಗಿದವು ಕೂಡ. ಆದರೆ ನಾಗವೇಣಿ ವಾರಿಜಾಳ ಬಗ್ಗೆ ಮಾತನಾಡುವಾಗ ನನ್ನ ಕಡೆ ತಿರುಗಿಕೊಂಡು ಮಾತನಾಡುತ್ತಿದ್ದಳು. ವಾರಿಜಾ ತಗ್ಗಿದಳು, ನೋಡು. ವಾರಿಜಾ ಸಹಿಸಿಕೊಂಡಳು, ನೋಡು. ಅವಳಿಗೆ ನನ್ನ ಕೇಸಿನ ವಿಷಯ ಗೊತ್ತಿತ್ತು. ನನ್ನ ಗಂಡ ಮಹದೇವನಿಗೆ ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿಯಿದೆ, ಅವಳ ಅಣ್ಣ ಅಲ್ಲಿನ ಗಿರಾಕಿ. ನನ್ನ ಗಂಡ ಎಷ್ಟು ಒಳ್ಳೆಯವನು, ಎಷ್ಟು ನಗುನಗುತ್ತಾ ಮಾತನಾಡಿಸುತ್ತಾನೆ ಎಂದು ಅವಳೇ ನನಗೆ ವರದಿ ಒಪ್ಪಿಸುತ್ತಿದ್ದಳು.

ಅದು ನಿಜ. ಅಂಗಡಿಯಲ್ಲಿ ಒಂದು ಹಿಡಿ ಮೊಳೆಗೆ ಬಂದವರ ಜೊತೆಯೂ ಮಹದೇವ ನಗುತ್ತಾ ಮಾತನಾಡುತ್ತಿದ್ದ. ನನ್ನ ಜೊತೆ ಮಾತು ಬಿಡುತ್ತಿದ್ದ. ಮದುವೆಯಾದ ಹೊಸತರಲ್ಲಿ ನಾನು ಬೇರೆ ಯಾವುದೋ ಟೀ ಪುಡಿ ತಂದೆನೆಂದು ವಾರಗಟ್ಟಲೆ ಮಾತು ನಿಂತಿತು. ಕಾರಣ ಟೀ ಪುಡಿಯೇ ಎನ್ನುವುದೂ ನನ್ನ ಊಹೆ, ಅವನು ಹೇಳಿದ್ದಲ್ಲ. ಆಮೇಲೆ ಅದೇ ಅಭ್ಯಾಸವಾಯಿತು. ಒಮ್ಮೆ ಯುಗಾದಿಗೆ ಮುಂಚೆ ನಿಂತ ಮಾತು ದಸರೆಯವರೆಗೂ ಬರಲಿಲ್ಲ. ಬೈಗುಳವಿಲ್ಲ, ಹೊಡೆತವಿಲ್ಲ, ಕುಡಿತವಿಲ್ಲ. ಹೇಳಬೇಕಾದ್ದನ್ನೆಲ್ಲಾ ನಾನು ಎದುರಿಗೇ ಇದ್ದರೂ ಅವನು ಅತ್ತೆಗೆ ಹೇಳುತ್ತಿದ್ದ. ನನಗೆ ಟೈಫಾಯ್ಡ್ ಬಂದಾಗ ಮಂಚದ ಪಕ್ಕ ನಿಂತು, "ಅಮ್ಮ, ಮಾತ್ರೆ ತಂದಿದೀನಿ ಅಂತ ಅವಳಿಗೆ ಹೇಳು" ಅಂದಿದ್ದ. ಅತ್ತೆ ಪಾಪ, "ಮಾತ್ರೆ ತಂದವ್ನಂತೆ ಕಣವ್ವ" ಎಂದು ಹೇಳಿದ್ದರು. ಅತ್ತೆ ತೀರಿಕೊಂಡರು. ಮಧ್ಯೆ ನಿಲ್ಲಲು ಆ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಅವರ ವರ್ಷಾಬ್ದಿಕ ಕಳೆದ ಮೇಲೆ ನಾನು ಮನೆ ಬಿಟ್ಟೆ.

ಇದನ್ನು ನಾಗವೇಣಿಗೆ ಒಂದು ದಿನ ಹೇಳಿದೆ. ಅವಳು ಕೆಣಕಿ ಕೆಣಕಿ ಕೇಳಿದ್ದಕ್ಕೆ ಹೇಳಿದೆ. ಮೇಡಂ, ರಿಹಾನಾ ಇಬ್ಬರೂ ಅಲ್ಲೇ ಇದ್ದರು. ಪೂರ್ತಿ ಕೇಳಿಸಿಕೊಂಡು ನಾಗವೇಣಿ ಡಬ್ಬಿಯ ಮುಚ್ಚಳ ಹಾಕಿದಳು.

"ಅಷ್ಟೇನಾ?"

ಹೌದೆಂದು ತಲೆಯಾಡಿಸಿದೆ.

"ಅಲ್ಲ ಶೈಲಾ, ಮಾತಾಡ್ಲಿಲ್ಲ ಅಂತ ಡೈವೋರ್ಸಾ? ಇದನ್ನ ಸೀರಿಯಲ್ ಮಾಡಿದ್ರೆ ಒಂದು ಎಪಿಸೋಡೂ ಆಗಕಿಲ್ಲ ಕಣೇ."

ರಿಹಾನಾ ಕಿಟಕಿಯ ಕಡೆ ತಿರುಗಿದಳು. ಮೇಡಂ, "ನಾಗವೇಣಿ, ಸುಮ್ನಿರು" ಅಂದರು. ನಾನು ಹೇಳಿದ್ದು ಇಷ್ಟೇ: "ನಿಂಗೆ ಅರ್ಥ ಆಗ್ಬೇಕು ಅಂದ್ರೆ ಹಿಂದೆ ಯಾರಾದ್ರೂ ಗುಡುಗು ಹಾಕ್ಬೇಕು."

ಅವಳ ಮುಖ ಕೆಂಪಾಯಿತು. "ನಂಗೆ ಸಂಸಾರ ಗೊತ್ತು. ಹನ್ನೊಂದು ವರ್ಷದಿಂದ ಮಾಡ್ತಿದೀನಿ. ಮಾಡಕ್ಕಾಗ್ದೇ ಇರೋರ ಹತ್ರ ನಾನ್ ಕಲೀಬೇಕಾಗಿಲ್ಲ."

ಆಮೇಲೆ ನಮ್ಮಿಬ್ಬರ ಮಧ್ಯೆ ಸೀರಿಯಲ್ ಬಿಟ್ಟು ಬೇರೆ ಮಾತು ಇಲ್ಲವಾಯಿತು. ವಿಚಿತ್ರವೆಂದರೆ ಸೀರಿಯಲ್ ಮಾತು ಮಾತ್ರ ನಿಲ್ಲಲಿಲ್ಲ. ಇಬ್ಬರೂ ಬೇಕೆಂದೇ ನೋಡಿಕೊಂಡು ಬರುತ್ತಿದ್ದೆವು, ಕುಸ್ತಿಗೆ ಮೈ ಕಾಯಿಸಿಕೊಂಡು ಬಂದಂತೆ. ವಾರಿಜಾ ಆಸ್ಪತ್ರೆಯಲ್ಲೂ ರೇಷ್ಮೆ ಸೀರೆ ಉಡುತ್ತಾಳೆ ಎಂದು ನಾನು ಆಡಿಕೊಂಡರೆ, ಗಂಡ ಮಲಗಿರುವಾಗ ಹೆಂಡತಿ ಲಕ್ಷಣವಾಗಿರಬೇಕು ಎಂದು ಅವಳು. ನಾಯಕಿಯ ಪಾತ್ರ ಮಾಡುತ್ತಿದ್ದವಳು ನಡುವೆ ಬಿಟ್ಟುಹೋಗಿ, ಸೋಮವಾರದಿಂದ ಬೇರೆ ಮುಖವೇ ವಾರಿಜಾ ಆದಾಗ, "ಮೊದಲಿನವಳಿಗೆ ನಾಚಿಕೆ ಆಗಿರ್ಬೇಕು, ಬಿಟ್ಟು ಹೋದ್ಲು" ಅಂದೆ. "ಬಿಟ್ಟೋಗೋರೇ ಎಲ್ಲಾ ಕಡೆ" ಅಂದಳು ಅವಳು. ಮಲ್ಲಸಂದ್ರ ದಾಟುವಷ್ಟರಲ್ಲಿ ನಮ್ಮ ದನಿ ಪಕ್ಕದ ಸೀಟಿನವರಿಗೂ ಕೇಳುತ್ತಿತ್ತು. ಮೇಡಂ ಪುಸ್ತಕ ತರಲು ಶುರು ಮಾಡಿದರು.

ಶ್ರಾವಣ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಮಳೆ ಆಗತಾನೆ ನಿಂತು ಎಳೆ ಬಿಸಿಲು ಬಿದ್ದಿತ್ತು. ನಾನು ಮತ್ತು ರಿಹಾನಾ ಒಟ್ಟಿಗೆ ಗುಬ್ಬಿ ಸ್ಟೇಷನ್ನಿಗೆ ಬಂದೆವು. ಪ್ಲಾಟ್‌ಫಾರಂನ ಕಲ್ಲುಬೆಂಚಿನ ಹತ್ತಿರ ವಸಂತಾ ಮೇಡಂ ನಿಂತಿದ್ದರು, ಅವರ ಮುಖ ಏನೋ ಇಕ್ಕಟ್ಟಿನಲ್ಲಿದ್ದಂತಿತ್ತು. ಅವರ ಪಕ್ಕ ನಾಗವೇಣಿ. ಅವಳ ಪಕ್ಕ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಮಹದೇವ.

ರಿಹಾನಾ ನನ್ನ ಮುಂಗೈ ಹಿಡಿದುಕೊಂಡಳು. "ಅಕ್ಕ, ಇದು ಶುಕ್ರವಾರದ ಸೀನು" ಎಂದು ಪಿಸುಗುಟ್ಟಿದಳು.

ಹೌದು, ಅದೇ. ಹಿಂದಿನ ಶುಕ್ರವಾರ ವಾರಿಜಾಳ ಗೆಳತಿ ಯಾರಿಗೂ ಹೇಳದೆ ಗಂಡನನ್ನು ಬಸ್‌ಸ್ಟ್ಯಾಂಡಿಗೆ ಕರೆತಂದಿದ್ದಳು. ಅಲ್ಲಿ ಗೆಳತಿ ತನ್ನ ಕೈಯಾರೆ ವಾರಿಜಾಳಿಗೆ ಹೂ ಮುಡಿಸುತ್ತಾಳೆ, ನಿಂತಿದ್ದ ಪ್ರಯಾಣಿಕರೆಲ್ಲಾ ಕಣ್ಣೊರೆಸಿಕೊಳ್ಳುತ್ತಾರೆ. ನಾಗವೇಣಿಯ ಕೈಯಲ್ಲೂ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಇತ್ತು.

"ಶೈಲಾ, ಕೋಪ ಮಾಡ್ಕೋಬೇಡ" ಎಂದು ಶುರು ಮಾಡಿದಳು. ದನಿಯೇ ಬದಲಾಗಿತ್ತು, ಮೆತ್ತಗೆ, ಟಿವಿಯವರ ಹಾಗೆ. "ಮಾದೇವಣ್ಣ ಅಂಗಡಿ ಮುಚ್ಚಿ ಕುಣಿಗಲ್‌ನಿಂದ ಇಲ್ಲಿಗಂಟ ಬಂದವ್ರೆ. ಒಂದು ಗಂಡ್ಸು ಇಷ್ಟು ಇಳಿದು ಬಂದ್ಮೇಲೆ ಇನ್ನೇನ್ ಬೇಕು? ಆಗಿದ್ದಾಯ್ತು ಬುಡು. ಮನೆಗ್ ಹೋಗು."

ಪ್ಲಾಟ್‌ಫಾರಂನಲ್ಲಿದ್ದವರು ನೋಡತೊಡಗಿದರು. ನನ್ನ ಕಚೇರಿಯ ಜವಾನರೂ ಅಲ್ಲಿದ್ದರು. ಆದರೂ ಹೇಳಿದೆ, "ಅವರೇ ಹೇಳ್ಲಿ."

ನಾಗವೇಣಿ ಮಹದೇವನ ಕಡೆ ತಿರುಗಿದಳು. "ಹೇಳಿ ಮಾದೇವಣ್ಣ."

ಅವನು ಹಳಿಯ ಕಡೆ ನೋಡುತ್ತಿದ್ದ. ನಾನು ಕಾದೆ. ಎರಡು ವರ್ಷದಿಂದ ಹತ್ತಿರದಿಂದ ನೋಡದೆ ಇದ್ದ ಮುಖ. ಕಿವಿಯ ಮೇಲೆ ಕೂದಲು ನರೆತಿತ್ತು. ನಾಚಿಕೆಗೆಟ್ಟ ಮಾತು ಹೇಳುತ್ತೇನೆ, ಆ ಗಳಿಗೆಯಲ್ಲಿ ಅವನು ನನ್ನ ಹೆಸರು ಹಿಡಿದು ಕರೆದಿದ್ದರೆ, ಬೈಯಲಿಕ್ಕಾದರೂ ಕರೆದಿದ್ದರೆ, ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

ಅವನು ನಾಗವೇಣಿಯನ್ನು ನೋಡಿ ಹೇಳಿದ, "ಅವಳಿಗೆ ಹೇಳಿ, ಬಟ್ಟೆಬರೆ ತಗೊಂಡು ಭಾನುವಾರ ಬರ್ಲಿ."

ನಾನು ಅವನಿಂದ ಒಂದು ಮಾರು ದೂರದಲ್ಲಿದ್ದೆ.

ನಾಗವೇಣಿ ನನ್ನ ಕಡೆ ತಿರುಗಿ, "ಭಾನುವಾರ ಬರ್ಬೇಕಂತೆ" ಎಂದಳು. ಅತ್ತೆ ಹೇಳುತ್ತಿದ್ದ ಹಾಗೆಯೇ. ಮಾತು ಬಾಯಿಂದ ಬಿದ್ದ ಮೇಲೆ ಅವಳ ಮುಖದಲ್ಲಿ ಏನೋ ಒಂದು ಸರಿದುಹೋಯಿತು, ತುಳಿದ ಮೇಲೆ ಏನು ತುಳಿದೆ ಎಂದು ಕೆಳಗೆ ನೋಡುವವರ ಹಾಗೆ. ಆದರೆ ಅವಳು ಹಿಂದೆ ಸರಿಯುವವಳಲ್ಲ. ಹೂವಿನ ಪೊಟ್ಟಣ ಬಿಚ್ಚಿ ನನ್ನ ಜಡೆಗೆ ಕೈ ಹಾಕಲು ಬಂದಳು. ನಾನು ಅವಳ ಕೈಯನ್ನು ತಳ್ಳಿದೆ. ಜೋರಾಗಿಯೇ ತಳ್ಳಿದೆ. ಮಲ್ಲಿಗೆ ಕೆಸರಿಗೆ ಬಿತ್ತು.

"ನನ್ನ ಮುಟ್ಬೇಡ" ಎಂದೆ. ಅವನಿಗೆ ಏನೂ ಹೇಳಲಿಲ್ಲ. ರೈಲು ಬಂತು, ಹತ್ತಿದೆ. ರಿಹಾನಾ ನನ್ನ ಜೊತೆ ಬಂದಳು. ಮೇಡಂ ಒಂದು ಗಳಿಗೆ ಅತ್ತ ಇತ್ತ ನೋಡಿ ಬೇರೆ ಬೋಗಿಗೆ ಹತ್ತಿದರು.

ಮರುದಿನದಿಂದ ನಾಗವೇಣಿ ಆಚೆ ಸಾಲಿನ ಸೀಟಿನಲ್ಲಿ ಕೂತಳು. ಅವಳ ಸುತ್ತಲೂ ಹೊಸ ಹೆಂಗಸರು ಸೇರಿಕೊಂಡರು, ಅಲ್ಲಿ ವಾರಿಜಾಳ ಭಜನೆ ನಡೆಯಿತು. "ಹೆಣ್ಣಿಗೆ ಅಷ್ಟು ಸೊಕ್ಕು ಇರ್ಬಾರ್ದು" ಎಂಬ ಮಾತು ನನಗೆ ಕೇಳಲೆಂದೇ ಬರುತ್ತಿತ್ತು. ನಾನೂ ಕಡಿಮೆಯವಳಲ್ಲ. ವಾರಿಜಾ ಗಂಡನ ಕಾಲಿಗೆ ಬಿದ್ದ ಎಪಿಸೋಡಿನ ಮರುದಿನ, "ಎದ್ದಳೋ ಇಲ್ಲ ಅಲ್ಲೇ ಇದಾಳೋ, ವಿಚಾರ್ಸು ರಿಹಾನಾ" ಎಂದು ಎಲ್ಲರಿಗೂ ಕೇಳುವಂತೆ ಅಂದೆ. ಅಮ್ಮ ಮನೆಯಲ್ಲಿ ಅಳುತ್ತಿದ್ದಳು. ಪ್ಲಾಟ್‌ಫಾರಂನ ಸುದ್ದಿ ಹೇಗೋ ಅವಳಿಗೆ ತಲುಪಿತ್ತು. "ಬಂದೋನ ಹತ್ರ ಒಂದ್ ಮಾತಾಡ್ಬಾರ್ದಿತ್ತಾ?" ಎಂದು ಅವಳೂ ನನ್ನನ್ನೇ ಕೇಳಿದಳು.

ದೀಪಾವಳಿ ಕಳೆದ ಮೇಲೆ ನಮ್ಮ ಲಾಯರಮ್ಮ ಫೋನ್ ಮಾಡಿದರು. ಗಂಡನ ಕಡೆಯವರು ಹೊಸ ಸಾಕ್ಷಿಯೊಬ್ಬರನ್ನು ತರುತ್ತಿದ್ದಾರೆ. ಗಂಡ ತಾನಾಗಿ ಕರೆಯಲು ಹೋದ, ಹೆಂಡತಿ ಸಾರ್ವಜನಿಕವಾಗಿ ಅವಮಾನ ಮಾಡಿ ನಿರಾಕರಿಸಿದಳು, ಇದನ್ನು ಕಣ್ಣಾರೆ ಕಂಡವರು. ಹೆಸರು ನಾಗವೇಣಿ.

ಮರುದಿನ ರೈಲಿನಲ್ಲಿ ನೇರ ಅವಳ ಮುಂದೆ ಹೋಗಿ ನಿಂತೆ. "ಕೋರ್ಟಿಗೆ ಬರ್ತಿದೀಯಂತೆ."

"ಬರ್ತಿದೀನಿ. ಕಂಡಿದ್ದು ಹೇಳ್ತೀನಿ" ಎಂದಳು. ಕಣ್ಣು ತಪ್ಪಿಸಲಿಲ್ಲ.

"ನನ್ನ ಜೀವನ ಅದು. ನಿನ್ನ ಎಂಟು ಗಂಟೆ ಸೀರಿಯಲ್ ಅಲ್ಲ."

"ಅದಕ್ಕೇ ಹೇಳ್ತಿದೀನಿ. ನೀನು ಉಳಿಸ್ಕೊಳ್ಳಲಿ ಅಂತ."

ಅವಳು ಸಾಕ್ಷಿ ಹೇಳುವ ದಿನ ಕುಣಿಗಲ್‌ಗೆ ನಾನು ಮತ್ತು ಅಮ್ಮ ಬಸ್ಸಿನಲ್ಲಿ ಹೋದೆವು. ಕೆರೆ ತುಂಬಿ ಏರಿಯ ಮೇಲೆ ಜನ ನಿಂತಿದ್ದರು. ಅಮ್ಮ ಕಿಟಕಿಯಿಂದಲೇ ಕೈಮುಗಿದಳು. ಕೋರ್ಟಿನ ವರಾಂಡದಲ್ಲಿ ನಾಗವೇಣಿ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಅವಳ ಪಕ್ಕ ಮಹದೇವ ಅವಳ ಅಣ್ಣನ ಜೊತೆ ಏನೋ ಹೇಳಿ ನಗುತ್ತಿದ್ದ.

ಅವಳ ಹೇಳಿಕೆ ಮೊದಲೇ ಬರೆದು ಕೊಟ್ಟಾಗಿತ್ತು. ನಮ್ಮ ಲಾಯರಮ್ಮ ಪಾಟೀಸವಾಲಿಗೆ ಎದ್ದರು. ಅವರದು ಸಣ್ಣ ದನಿ.

"ಅವತ್ತು ಮಹದೇವ ಅವರು ಕರೆದರು ಅಂತ ಹೇಳಿದೀರಿ. ಏನಂತ ಕರೆದರು? ಅವರ ಮಾತಲ್ಲೇ ಹೇಳಿ."

"'ಅವಳಿಗೆ ಹೇಳಿ, ಬಟ್ಟೆಬರೆ ತಗೊಂಡು ಭಾನುವಾರ ಬರ್ಲಿ' ಅಂದ್ರು."

"ಇದನ್ನ ಯಾರಿಗೆ ಹೇಳಿದ್ರು?"

"ನಂಗೆ."

"ಶೈಲಾ ಅವರು ಎಲ್ಲಿದ್ರು?"

"ಅಲ್ಲೇ. ಪಕ್ಕದಲ್ಲೇ."

"ಶೈಲಾ ಅವರ ಹತ್ರ ನೇರವಾಗಿ ಏನು ಮಾತಾಡಿದ್ರು?"

ನಾಗವೇಣಿ ಮಹದೇವನ ಕಡೆ ನೋಡಿದಳು. ಅವನು ಮೇಜಿನ ಅಂಚು ನೋಡುತ್ತಿದ್ದ. ನ್ಯಾಯಾಧೀಶರು ತಲೆಯೆತ್ತಿದರು.

"ಏನೂ ಮಾತಾಡ್ಲಿಲ್ಲ" ಎಂದಳು. ರಕ್ತದ ರಿಪೋರ್ಟ್ ಓದಿ ಹೇಳುವಂತೆ, ಏರಿಳಿತವಿಲ್ಲದೆ. "ಅವಳನ್ನ ನೋಡ್ಲೂ ಇಲ್ಲ. ಬಂದಾಗಿನಿಂದ ಹೋಗೋಗಂಟ ಒಂದ್ ಮಾತೂ ಆಡ್ಲಿಲ್ಲ."

ಮಹದೇವನ ಲಾಯರು ಎದ್ದು ಏನೋ ಹೇಳಲು ನೋಡಿದರು. ಆದರೆ ಆಡಿದ ಮಾತು ಟೈಪಾಗಿಬಿಟ್ಟಿತ್ತು. ಅಮ್ಮ ನನ್ನ ಪಕ್ಕದಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ವರ್ಷಗಟ್ಟಲೆ ಹೇಳಿದರೂ ಅವಳಿಗೆ ತಲುಪದೇ ಇದ್ದದ್ದು ಅವತ್ತು ತಲುಪಿತು, ಅದೂ ನಾಗವೇಣಿಯ ಬಾಯಿಂದ.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ತೀರ್ಪು ಬಂತು. ವಿಚ್ಛೇದನ ಸಿಕ್ಕಿತು. ತೀರ್ಪಿನಲ್ಲಿ ಪ್ಲಾಟ್‌ಫಾರಂನ ವಿಷಯ ಒಂದು ಪುಟವೇ ಇತ್ತು ಎಂದು ಲಾಯರಮ್ಮ ಹೇಳಿದರು. ನಾನು ಓದಲಿಲ್ಲ. ಅದೇ ತಿಂಗಳು 'ವಾರಿಜಾ' ಕೂಡ ಮುಗಿಯಿತು. ನೋಡುವವರು ಕಡಿಮೆಯಾದರಂತೆ. ಒಂದು ಶುಕ್ರವಾರ ಸತ್ಯನಾರಾಯಣ ಪೂಜೆ ಮಾಡಿಸಿ, ಒಳ್ಳೆಯವರು ಕೆಟ್ಟವರು ಎಲ್ಲರನ್ನೂ ಫೋಟೋಗೆ ನಿಲ್ಲಿಸಿ ಮುಗಿಸಿದರು. ಸೋಮವಾರ ಅದೇ ಹೊತ್ತಿಗೆ ಬೇರೆ ಯಾರೋ ಹೆಣ್ಣು ಬೇರೆ ಯಾವುದೋ ಮನೆಯ ಹೊಸ್ತಿಲು ತುಳಿಯುತ್ತಿದ್ದಳು. ರೈಲಿನಲ್ಲಿ ವಾರಿಜಾಳ ಸುದ್ದಿ ಯಾರೂ ಎತ್ತಲಿಲ್ಲ.

ಶಿವರಾತ್ರಿಯ ಆಸುಪಾಸಿನಲ್ಲಿ ನಾಗವೇಣಿಗೆ ತುಮಕೂರಿನಲ್ಲೇ ಕೆಲಸ ಸಿಕ್ಕಿತು. ರೈಲಿನಲ್ಲಿ ಅವಳ ಕೊನೆಯ ದಿನ ಮನೆಯಲ್ಲೇ ಮಾಡಿದ ಕೊಬ್ಬರಿ ಮಿಠಾಯಿ ತಂದು ಎಲ್ಲರಿಗೂ ಕೊಟ್ಟಳು. ಆಚೆ ಸಾಲಿನವರಿಗೆ ಕೊಟ್ಟಾದ ಮೇಲೆ ಡಬ್ಬಿ ಹಿಡಿದು ನಮ್ಮ ಕಡೆ ಬಂದಳು. ಆ ಹೊತ್ತಿಗೆ ಪುಸ್ತಕದ ಜೊತೆ ಹಳೆಯ ಜಾಗಕ್ಕೆ ಮರಳಿದ್ದ ಮೇಡಂ ಒಂದು ತುಂಡು ತೆಗೆದುಕೊಂಡರು. ರಿಹಾನಾ ನನ್ನ ಮುಖ ನೋಡಿ, ಆಮೇಲೆ ತೆಗೆದುಕೊಂಡಳು. ಡಬ್ಬಿ ನನ್ನ ಮುಂದೆ ಬಂತು.

"ಬೇಡ" ಎಂದೆ.

"ಕೋರ್ಟಲ್ಲಿ ನಾನೇನ್ ಸುಳ್ಳು ಹೇಳ್ಲಿಲ್ಲ ಕಣೇ."

"ಗೊತ್ತು."

"ನಾನ್ ಹೇಳಿದ್ರಿಂದ್ಲೇ ನಿಂಗೆ ಡೈವೋರ್ಸ್ ಆಗಿದ್ದು ಅಂತ ನಮ್ಮಣ್ಣ ಈಗ್ಲೂ ನನ್ ಹತ್ರ ಸರಿಯಾಗಿ ಮಾತಾಡಲ್ಲ."

ಅದು ನನಗೆ ಗೊತ್ತಿರಲಿಲ್ಲ. ಆದರೂ ಅವಳು ಅವತ್ತು ಕೋರ್ಟಿಗೆ ಬಂದದ್ದು ಯಾರ ಕಡೆಯಿಂದ, ಯಾತಕ್ಕೆ ಎಂಬುದು ನನಗೆ ಗೊತ್ತಿತ್ತು. ಅವಳು ಸತ್ಯ ಹೇಳಿದಳು, ಅದು ಅವಳ ಪಾಲಿನ ಒಳ್ಳೆಯದು. ನನ್ನ ಮನೆಯ ಬಾಗಿಲು ತಾನೇ ತೆಗೆದು ಒಳಗೆ ಬಂದದ್ದರ ಲೆಕ್ಕ ಅದರಿಂದ ತೀರುವುದಿಲ್ಲ.

"ತಗೋ" ಎಂದಳು ಮತ್ತೆ.

"ಬೇಡ ಅಂದ್ನಲ್ಲ."

ಸುತ್ತಲೂ ಎಲ್ಲರೂ ನೋಡುತ್ತಿದ್ದರು. ಅವಳು ಇನ್ನೂ ಸ್ವಲ್ಪ ಹೊತ್ತು ಡಬ್ಬಿ ಹಿಡಿದುಕೊಂಡೇ ನಿಂತಳು, ನಾನು ಎದ್ದು ತಬ್ಬಿಕೊಳ್ಳುತ್ತೇನೇನೋ ಎಂಬಂತೆ. ಆಮೇಲೆ ಮುಚ್ಚಳ ಹಾಕಿ ತನ್ನ ಸೀಟಿಗೆ ಹೋದಳು.

"ತಗೋಬೋದಿತ್ತು ಕಣಮ್ಮ" ಎಂದರು ಮೇಡಂ, ಮೆಲ್ಲಗೆ.

"ಹೌದು ಮೇಡಂ, ತಗೋಬೋದಿತ್ತು" ಎಂದೆ.

ಗುಬ್ಬಿ ಬಂತು. ಬ್ಯಾಗು ಹೆಗಲಿಗೆ ಹಾಕಿಕೊಂಡು ನಾನೇ ಮೊದಲು ಇಳಿದೆ.